ಆರಿದ ಒಲೆ, ಖಾಲಿ ಪೀಠ

(ಶಿವಮೊಗ್ಗದಲ್ಲಿ ಮಳೆಗಾಲದ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಕೊಡೆ ಹಿಡಿದು ಬಂದಿದ್ದೀರಿ, ತುಂಬ ಖುಷಿಯಾಯಿತು. ವಿಡಿಯೋ ಗೇಮ್ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಆದರೆ ನಾನು ಕವಲೇದುರ್ಗದ ಒಂದು ಒಲೆಯಿಂದ ಶುರು ಮಾಡುತ್ತೇನೆ.

ನಿಮ್ಮಲ್ಲಿ ಬಹಳ ಜನ ಕವಲೇದುರ್ಗ ಹತ್ತಿರುತ್ತೀರಿ. ತೀರ್ಥಹಳ್ಳಿ ತಾಲ್ಲೂಕು, ಕೆಳದಿ ಅರಸರ ಕೋಟೆ. ಗದ್ದೆ ಬದಿಯಲ್ಲಿ ನಡೆದು, ಕಲ್ಲು ಹಾಸಿದ ದಾರಿ ಹಿಡಿದು ಮೇಲೆ ಹೋಗಬೇಕು. ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು. ಮೇಲೆ ಅರಮನೆಯ ಜಾಗ ಇದೆ, ಅರಮನೆ ಇಲ್ಲ. ತಳಪಾಯ ಉಳಿದಿದೆ. ಅಲ್ಲೇ ಒಂದು ಕಡೆ ಕಲ್ಲಿನ ಒಲೆ ಇದೆ. ನಾನು ಮೊದಲ ಸಲ ಹೋದಾಗ ಹೈಸ್ಕೂಲಿನಲ್ಲಿದ್ದೆ. ಗೆಳೆಯರ ಜೊತೆ ಓಡಿ ಹತ್ತಿದೆ, ಓಡಿ ಇಳಿದೆ. ಒಲೆ ಕಣ್ಣಿಗೇ ಬೀಳಲಿಲ್ಲ. ಎರಡನೇ ಸಲ ಹೋದಾಗ ಮಳೆ ಹಿಡಿಯಿತು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ, ಮಂಡಿ ತರಚಿ, ನೋವು ತಡೆಯಲಾರದೆ ಅಲ್ಲೇ ಕೂತೆ. ಕೂತಾಗ ಪಕ್ಕದಲ್ಲಿ ಒಲೆ ಕಂಡಿತು. ಅದರ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಇಲ್ಲಿ ಯಾರೋ ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು ಬೆಂಕಿ ಊದಿದ್ದಾರೆ. ಇಲ್ಲಿ ಕೊನೆಯ ಸಲ ಬೆಂದದ್ದು ಏನು? ಅದನ್ನು ಉಣ್ಣುವಷ್ಟು ಹೊತ್ತು ಅವರಿಗೆ ಸಿಕ್ಕಿತಾ? ಬಹಳ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ.

ನಾನು ಪ್ರಾಣದಷ್ಟು ಪ್ರೀತಿಸುವ ಆಟಗಳು ಮಾಡುವುದೂ ಇದನ್ನೇ. ಕಾಲು ಜಾರಿಸುತ್ತವೆ, ಕೂರಿಸುತ್ತವೆ, ಆಮೇಲೆ ಪಕ್ಕದಲ್ಲಿ ಒಲೆ ಇದೆ ಅಂತ ಕಾಣುತ್ತದೆ.

ಆಟಗಳ ಹೆಸರು ಹೇಳಿಬಿಡುತ್ತೇನೆ. ಡೆಮನ್ಸ್ ಸೋಲ್ಸ್, ಡಾರ್ಕ್ ಸೋಲ್ಸ್, ಬ್ಲಡ್‌ಬೋರ್ನ್, ಸೆಕಿರೋ, ಎಲ್ಡನ್ ರಿಂಗ್. ಮಾಡಿದ್ದು ಟೋಕಿಯೋದ ಫ್ರಮ್‌ಸಾಫ್ಟ್‌ವೇರ್. 1986ರಲ್ಲಿ ಶುರುವಾದಾಗ ಈ ಕಂಪನಿ ಆಫೀಸು ಕೆಲಸಕ್ಕೆ ಬೇಕಾದ ಸಾಫ್ಟ್‌ವೇರ್ ಮಾಡುತ್ತಿತ್ತು. 1994ರಲ್ಲಿ ಕಿಂಗ್ಸ್ ಫೀಲ್ಡ್ ಎಂಬ ಮೊದಲ ಆಟ ತಂದಿತು. 2004ರಲ್ಲಿ ಹಿದೆತಾಕಾ ಮಿಯಾಝಾಕಿ ಎಂಬುವರು ಅಲ್ಲಿಗೆ ಬಂದು ಸೇರಿದರು. ಅದಕ್ಕೆ ಮೊದಲು ಒರಾಕಲ್ ಕಂಪನಿಯಲ್ಲಿ ಕೆಲಸದಲ್ಲಿದ್ದರು. ಐಕೋ ಎಂಬ ಆಟ ಆಡಿದ ಮೇಲೆ ಅವರಿಗೆ ತಾನೂ ಆಟ ಮಾಡಬೇಕು ಅನ್ನಿಸಿತು. ಆಗ ವಯಸ್ಸು ಮೂವತ್ತರ ಹತ್ತಿರ. ಸಂಬಳ ಕಡಿಮೆಯಾದರೂ ಸರಿ ಅಂತ ಹೊಸದಾಗಿ ಶುರು ಮಾಡಿದರು. ಕಂಪನಿಯೊಳಗೆ ಡೆಮನ್ಸ್ ಸೋಲ್ಸ್ ಎಂಬ ಆಟ ಹಳ್ಳ ಹಿಡಿದು ಕೂತಿತ್ತು. ಹೇಗೂ ಕೆಟ್ಟಿದೆ, ಇನ್ನು ನಾನು ಕೆಡಿಸಿದರೂ ಯಾರೂ ಬೈಯುವುದಿಲ್ಲ ಅಂತ ಅದನ್ನು ಕೈಗೆತ್ತಿಕೊಂಡರು. 2009ರಲ್ಲಿ ಅದು ಹೊರಬಂತು. 2011ರಲ್ಲಿ ಡಾರ್ಕ್ ಸೋಲ್ಸ್ ಬಂತು. ನಾನು ಇವತ್ತು ಜಾಸ್ತಿ ಮಾತಾಡುವುದು ಅದರ ಬಗ್ಗೆಯೇ.

ಗೊತ್ತಿಲ್ಲದವರಿಗೆ ಆಟದ ನಿಯಮ ಹೇಳುತ್ತೇನೆ. ಶತ್ರುವನ್ನು ಕೊಂದರೆ ನಿಮಗೆ ಸೋಲ್ಸ್, ಅಂದರೆ ಆತ್ಮಗಳು, ಸಿಗುತ್ತವೆ. ಅದೇ ದುಡ್ಡು, ಶಕ್ತಿ ಹೆಚ್ಚಿಸಿಕೊಳ್ಳುವುದಕ್ಕೂ ಅದೇ ಬೇಕು. ನೀವು ಸತ್ತರೆ ಕೂಡಿಟ್ಟದ್ದೆಲ್ಲ ಸತ್ತ ಜಾಗದಲ್ಲೇ ಬಿದ್ದಿರುತ್ತದೆ. ನೀವು ಹಿಂದೆ ಕೂತಿದ್ದ ಬೆಂಕಿಯ ಹತ್ತಿರ ಎದ್ದೇಳುತ್ತೀರಿ. ಕೊಂದ ಶತ್ರುಗಳೂ ಎದ್ದಿರುತ್ತಾರೆ. ಅವರನ್ನು ಮತ್ತೆ ದಾಟಿ ಹೋಗಿ ನಿಮ್ಮ ಗಂಟು ತಗೊಳ್ಳಬೇಕು. ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಗಂಟು ಹೋಯಿತು. ಆ ಬೆಂಕಿಗೆ ಬಾನ್‌ಫೈರ್ ಅನ್ನುತ್ತಾರೆ. ಬೂದಿ, ಒಂದಿಷ್ಟು ಮೂಳೆ, ನಡುವೆ ನೆಟ್ಟ ಸುರುಳಿ ಕತ್ತಿ. ಇಡೀ ಲೋಕದಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ಮಳೆಯಲ್ಲಿ ತೊಯ್ದು ಬಂದು ಬಚ್ಚಲೊಲೆ ಮುಂದೆ ಕೂತವರಿಗೆ ಆ ಸುಖ ಬಿಡಿಸಿ ಹೇಳಬೇಕಾಗಿಲ್ಲ.

"ಆಟ ಅಂದರೆ ಖುಷಿಗೆ ಅಲ್ವಾ? ಇಷ್ಟು ಕಷ್ಟ ಯಾಕೆ?" ಈ ಪ್ರಶ್ನೆಯನ್ನು ನನಗೆ ನೂರು ಜನ ಕೇಳಿದ್ದಾರೆ. ಉತ್ತರಕ್ಕೆ ಒಂದು ಆಷಾಢದ ಕಥೆ ಹೇಳುತ್ತೇನೆ.

ಆಗ ನಾನು ಕಾಲೇಜಿನಲ್ಲಿದ್ದೆ. ಊರಿನ ಮನೆಯಲ್ಲಿ ಅಣ್ಣನ ಹಳೇ ಕಂಪ್ಯೂಟರ್ ಇತ್ತು. ಹೊರಗೆ ಮೂರು ದಿನದಿಂದ ಬಿಡದ ಮಳೆ. ನಾನು ಡಾರ್ಕ್ ಸೋಲ್ಸ್‌ನಲ್ಲಿ ಅನೋರ್ ಲೊಂಡೋ ಎಂಬ ದೇವತೆಗಳ ಊರಿಗೆ ಬಂದಿದ್ದೆ. ಅಲ್ಲಿ ಒಂದೇ ಹಜಾರದಲ್ಲಿ ಇಬ್ಬರು ಕಾವಲುಗಾರರು. ಒಬ್ಬ ಆರ್ನ್‌ಸ್ಟೀನ್, ಸಿಂಹದ ಮುಖದ ಶಿರಸ್ತ್ರಾಣ, ಕೈಯಲ್ಲಿ ಈಟಿ, ಮಿಂಚಿನ ಹಾಗೆ ಮೈಮೇಲೆ ಬರುತ್ತಾನೆ. ಇನ್ನೊಬ್ಬ ಸ್ಮೌ, ಕಣಜದಂಥ ಹೊಟ್ಟೆ, ಆಳೆತ್ತರದ ಸುತ್ತಿಗೆ. ಒಬ್ಬನ ಮೇಲೆ ಕಣ್ಣಿಟ್ಟರೆ ಇನ್ನೊಬ್ಬ ಹೊಡೆಯುತ್ತಾನೆ. ಎಷ್ಟು ಸಲ ಸತ್ತೆ ಅಂತ ಲೆಕ್ಕ ಇಡುವುದನ್ನು ಎರಡನೇ ದಿನವೇ ಬಿಟ್ಟಿದ್ದೆ. ಅಜ್ಜಿ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ನಾಲ್ಕು ಚೂರು ಕಾಯಿ ತಂದು ಪಕ್ಕದಲ್ಲಿ ಇಟ್ಟು, ಮಣೆ ಎಳೆದುಕೊಂಡು ಕೂರುತ್ತಿದ್ದಳು. "ಎಂತದೋ ಮಾರಾಯ, ಮತ್ತೆ ಸತ್ತೋದ್ಯಾ?" ಅಂತ ಕೇಳುತ್ತಿದ್ದಳು. ಅವಳ ದನಿಯಲ್ಲಿ ನಿಜವಾದ ಕಳವಳ ಇರುತ್ತಿತ್ತು.

ಒಂದು ರಾತ್ರಿ ಮೊದಲು ಆರ್ನ್‌ಸ್ಟೀನ್‌ನನ್ನು ಬೀಳಿಸಿದೆ. ಬಿದ್ದವನ ಹತ್ತಿರ ಸ್ಮೌ ಬಂದ. ಸುತ್ತಿಗೆ ಎತ್ತಿದ. ತನ್ನ ಜೊತೆಗಾರನ ಹೆಣವನ್ನೇ ಜಜ್ಜಿ ಅವನ ಮಿಂಚನ್ನು ಹೀರಿಕೊಂಡ. ಆಮೇಲೆ ನನ್ನನ್ನು ಕೊಂದ. ಇನ್ನೊಂದು ರಾತ್ರಿ ಸ್ಮೌ ಮೊದಲು ಬಿದ್ದ. ಆರ್ನ್‌ಸ್ಟೀನ್ ಹತ್ತಿರ ಬಂದು ಅವನ ಮೈಮೇಲೆ ಮೆಲ್ಲಗೆ ಕೈಯಿಟ್ಟ. ಮೈ ತಡವಿದ ಹಾಗೆ. ಆ ಕೈಯಿಂದಲೇ ಶಕ್ತಿ ತಗೊಂಡು ಎದ್ದ. ಒಂದು ಮಾತಿಲ್ಲ, ಪರದೆಯ ಮೇಲೆ ಒಂದಕ್ಷರ ಇಲ್ಲ. ಅಜ್ಜಿ ಹಪ್ಪಳ ಮುರಿಯುವುದನ್ನು ನಿಲ್ಲಿಸಿ ಹೇಳಿದಳು: "ಈ ಈಟಿಯವ್ನು ಮರ್ಯಾದಸ್ಥ ಕಣೋ. ಆ ಸುತ್ತಿಗೆಯವ್ನು ಇಷ್ಟು ದಿನ ಇವ್ನ ಜೊತೆ ಹೇಗೆ ಇದ್ನೋ."

ನೋಡಿ, ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಆಟದಲ್ಲಿ ಆ ಇಬ್ಬರ ಸ್ವಭಾವವನ್ನು ವಿವರಿಸುವ ಮಾತುಕತೆಯೂ ಇಲ್ಲ. ಆದರೂ ಕಥೆ ಅವಳಿಗೆ ಪೂರ್ತಿ ತಲುಪಿತು. ನಾನು ಮೊದಲ ಸಲಕ್ಕೇ ಗೆದ್ದಿದ್ದರೆ ಎರಡರಲ್ಲಿ ಒಂದನ್ನು ಮಾತ್ರ ನೋಡಿ ಮುಂದೆ ಹೋಗುತ್ತಿದ್ದೆ. ಸೋತೆ, ಆ ಹಜಾರಕ್ಕೆ ಮತ್ತೆ ಮತ್ತೆ ಹೋದೆ, ಕೊಲ್ಲುವ ಸರದಿ ಬದಲಿಸಿದೆ. ಅದಕ್ಕೇ ಎರಡೂ ಕಂಡವು. ಕಷ್ಟ ಬೇರೆ, ಕಥೆ ಬೇರೆ ಅಂತ ಜನ ತಿಳಿದುಕೊಂಡಿದ್ದಾರೆ. ನನ್ನ ಅನುಭವದಲ್ಲಿ ಈ ಆಟಗಳಲ್ಲಿ ಕಥೆ ಕಾಣಿಸುವುದೇ ಕಷ್ಟದ ಬೆಳಕಿನಲ್ಲಿ.

ಕೊನೆಗೆ ಗೆಲ್ಲುವ ರಾತ್ರಿ, ಆರ್ನ್‌ಸ್ಟೀನ್‌ನ ಜೀವ ಒಂದು ಏಟಿನಷ್ಟು ಉಳಿದಿದ್ದಾಗ ಕರೆಂಟ್ ಹೋಯಿತು. ಗಾಳಿಗೆ ಎಲ್ಲೋ ಮರ ಬಿದ್ದಿತ್ತು. ಕರೆಂಟ್ ಬಂದದ್ದು ಎರಡು ದಿನ ಬಿಟ್ಟು. ಆ ಎರಡು ದಿನ ಕತ್ತಲಲ್ಲಿ ಮಲಗಿ ಆ ಹಜಾರದ ಒಂದೊಂದು ಕಂಬವನ್ನೂ ನೆನಪು ಮಾಡಿಕೊಂಡೆ. ಯಾವ ಕಂಬದ ಹಿಂದೆ ನಿಂತರೆ ಈಟಿ ತಾಗುವುದಿಲ್ಲ, ಸುತ್ತಿಗೆ ಬೀಳುವ ಮೊದಲು ಎಷ್ಟು ಉಸಿರು ಸಮಯ ಇದೆ. ಕರೆಂಟ್ ಬಂದ ಮೇಲೆ ಎರಡನೇ ಪ್ರಯತ್ನಕ್ಕೆ ಗೆದ್ದೆ. ಕೈ ನಡುಗುತ್ತಿತ್ತು. ಅಜ್ಜಿ ದೇವರ ಮುಂದೆ ದೀಪ ಹಚ್ಚಿದಳು.

ಜಾಗಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲು ಫೈರ್‌ಲಿಂಕ್ ಎಂಬ ಪಾಳು ಗುಡಿಯಿಂದ ಹೊರಡುತ್ತೀರಿ. ಹಾಳು ಊರು ದಾಟುತ್ತೀರಿ, ಸೇತುವೆ ದಾಟುತ್ತೀರಿ, ಗಂಟೆಗಟ್ಟಲೆ ಸಾಯುತ್ತಾ ಸಾಯುತ್ತಾ ಒಂದು ದೊಡ್ಡ ದೇವಾಲಯಕ್ಕೆ ಬರುತ್ತೀರಿ. ಮನೆಯಿಂದ ಎಷ್ಟೋ ದೂರ ಬಂದೆ ಅನ್ನಿಸುತ್ತದೆ. ಅಲ್ಲೊಂದು ಲಿಫ್ಟ್ ಇದೆ. ಹತ್ತಿದರೆ ಕೆಳಗೆ, ಇನ್ನೂ ಕೆಳಗೆ ಹೋಗುತ್ತದೆ. ಇಳಿದು ನೋಡಿದರೆ ಅದೇ ಫೈರ್‌ಲಿಂಕ್, ಅದೇ ಬೆಂಕಿ. ಕಾನು ಹೊಕ್ಕು ದಾರಿ ತಪ್ಪಿ, ತೋಟದಿಂದ ತೋಟಕ್ಕೆ ಇಳಿದು, ಕೊನೆಗೆ ನಮ್ಮದೇ ಹಿತ್ತಿಲಿನ ಬಾಳೆಬುಡದಲ್ಲಿ ಎದ್ದ ಹಾಗೆ. ಆ ಕ್ಷಣದಿಂದ ಆ ಲೋಕ ಪರದೆಯ ಮೇಲಿನ ಚಿತ್ರವಾಗಿ ಉಳಿಯಲಿಲ್ಲ, ನಾನು ಕಾಲಿಟ್ಟು ಅಳೆದ ಊರಾಯಿತು.

ಈಗ ಖಾಲಿ ಪೀಠದ ವಿಷಯ. ಅನೋರ್ ಲೊಂಡೋದಲ್ಲಿ ದೊರೆ ಗ್ವಿನ್‌ನ ವಿಗ್ರಹ ಇದೆ. ಪಕ್ಕದಲ್ಲಿ ಮಗಳ ವಿಗ್ರಹ ಇದೆ. ಇನ್ನೊಂದು ಪಕ್ಕದಲ್ಲಿ ಪೀಠ ಮಾತ್ರ, ಅದರ ಮೇಲಿನ ವಿಗ್ರಹ ಇಲ್ಲ. ಯಾರೂ ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಬೇರೆಲ್ಲೋ ಸಿಗುವ ಒಂದು ಉಂಗುರದ ವಿವರಣೆಯಲ್ಲಿ ನಾಲ್ಕು ಸಾಲು ಬರಹ ಇದೆ. ಗ್ವಿನ್‌ನ ಚೊಚ್ಚಲ ಮಗ ಯುದ್ಧದ ದೇವರಾಗಿದ್ದ, ಮೂರ್ಖತನ ಮಾಡಿ ದೇವರ ಸ್ಥಾನ ಕಳಕೊಂಡ, ಈಗ ಅವನ ಹೆಸರೂ ಯಾರಿಗೂ ಗೊತ್ತಿಲ್ಲ ಅಂತ. ಅಷ್ಟೇ. ಆ ಉಂಗುರವನ್ನೂ ಆ ಪೀಠವನ್ನೂ ಜೋಡಿಸುವ ಕೆಲಸ ನಿಮ್ಮದು. ಐದು ವರ್ಷ ಕಳೆದು 2016ರಲ್ಲಿ ಡಾರ್ಕ್ ಸೋಲ್ಸ್ 3 ಬಂತು. ಅದರಲ್ಲಿ ಮೋಡಗಳ ಮೇಲೆ, ಹೋಗಲೇಬೇಕು ಅಂತೇನೂ ಇಲ್ಲದ ಒಂದು ಶಿಖರದಲ್ಲಿ, ಡ್ರ್ಯಾಗನ್ ಏರಿ ಒಬ್ಬ ದೊರೆ ಬರುತ್ತಾನೆ. ಅವನ ಹೆಸರು 'ಹೆಸರಿಲ್ಲದ ದೊರೆ'. ಹಿಂದೆ ಡ್ರ್ಯಾಗನ್‌ಗಳನ್ನು ಕೊಲ್ಲುತ್ತಿದ್ದ ಯುದ್ಧದೇವರು, ಎಲ್ಲವನ್ನೂ ಬಿಟ್ಟು ಅವುಗಳ ಕಡೆ ಸೇರಿದವನು. ಇವನೇ ಆ ಮಗ ಅಂತ ಆಟ ಆಗಲೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಖಾಲಿ ಪೀಠ ನೋಡಿದ್ದವರಿಗೆ ಮೈ ಜುಮ್ಮೆನ್ನುತ್ತದೆ.

ಇದು ನಮಗೆ ಹೊಸ ವಿದ್ಯೆ ಏನೂ ಅಲ್ಲ. ಇಲ್ಲೇ ಶಿವಪ್ಪ ನಾಯಕನ ಅರಮನೆಗೆ ಹೋಗಿ, ಅಂಗಳದಲ್ಲಿ ನಿಲ್ಲಿಸಿದ ಕಲ್ಲುಗಳನ್ನು ನೋಡಿ. ಬಳ್ಳಿಗಾವಿಗೆ ಹೋಗಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಹೊಡೆದಾಟ, ಒಮ್ಮೊಮ್ಮೆ ದನಗಳೂ ಇರುತ್ತವೆ, ಅಂದರೆ ತುರು ಕಾಯಲು ಹೋಗಿ ಸತ್ತವನು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ, ಪಕ್ಕದಲ್ಲಿ ಸೂರ್ಯ ಚಂದ್ರ. ಎಷ್ಟೋ ಕಲ್ಲುಗಳಲ್ಲಿ ಅಕ್ಷರ ಸವೆದು ಹೆಸರು ಹೋಗಿದೆ. ಹೆಸರು ಹೋದರೂ ಅವನು ಹಿಡಿದ ಕತ್ತಿ ಇದೆ, ಎದುರು ನಿಂತವರು ಎಷ್ಟು ಜನ ಅಂತ ಎಣಿಸಬಹುದು. ಡಾರ್ಕ್ ಸೋಲ್ಸ್ ಆಡಿದ ಮೇಲೆ ನಾನು ವೀರಗಲ್ಲಿನ ಮುಂದೆ ನಿಲ್ಲುವ ರೀತಿಯೇ ಬದಲಾಯಿತು. ಮೊದಲು ಫೋಟೋ ತೆಗೆದು ಹೊರಡುತ್ತಿದ್ದೆ. ಈಗ ಕುಕ್ಕರುಗಾಲಲ್ಲಿ ಕೂತು ಕೆಳಗಿನ ಸಾಲಿನಿಂದ ನೋಡುತ್ತೇನೆ.

ಮಿಯಾಝಾಕಿ ಯಾಕೆ ಹೀಗೆ ಅರ್ಧ ಹೇಳಿ ಅರ್ಧ ಬಿಡುತ್ತಾರೆ? ಅವರೇ ಇದನ್ನು ಹೇಳಿಕೊಂಡಿದ್ದಾರೆ. ಚಿಕ್ಕವರಿದ್ದಾಗ ಮನೆಯಲ್ಲಿ ಪುಸ್ತಕ ಕೊಳ್ಳುವಷ್ಟು ಅನುಕೂಲ ಇರಲಿಲ್ಲ. ಲೈಬ್ರರಿಯಿಂದ ತರುತ್ತಿದ್ದರು. ಅದರಲ್ಲಿ ಇಂಗ್ಲಿಷಿನ ಫ್ಯಾಂಟಸಿ ಪುಸ್ತಕಗಳೂ ಇದ್ದವು. ಎಷ್ಟೋ ಭಾಗ ಅರ್ಥ ಆಗುತ್ತಿರಲಿಲ್ಲ. ಅರ್ಥವಾಗದ ಜಾಗವನ್ನು ತಮ್ಮ ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದರು.

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಬಯಲಾಟ. ಮೇಳ ಊರಿಗೆ ಬಂದರೆ ರಾತ್ರಿಯಿಡೀ ಆಟ. ಕಂಬಳಿ ಹೊದ್ದು ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದೆ. ಹನ್ನೆರಡು ದಾಟಿದ ಮೇಲೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಚೆಂಡೆಯ ಪೆಟ್ಟಿಗೆ ಬೆಚ್ಚಿ ಎದ್ದರೆ ರಂಗಸ್ಥಳದಲ್ಲಿ ಬೇರೆಯೇ ವೇಷ! ಮಲಗುವಾಗ ನಗುತ್ತಿದ್ದವನು ಈಗ ಅಳುತ್ತಿದ್ದಾನೆ. ನಡುವೆ ಏನಾಯಿತು? ಅಪ್ಪನನ್ನು ಕೇಳಿದರೆ "ಶ್, ಸುಮ್ನೆ ನೋಡು" ಅನ್ನುತ್ತಿದ್ದರು. ಆ ನಡುವಿನ ಕಥೆಯನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ. ದೊಡ್ಡವನಾದ ಮೇಲೆ ಪೂರ್ತಿ ಪ್ರಸಂಗ ಗೊತ್ತಾಯಿತು. ಆದರೆ ನಾನು ನಿದ್ದೆಗಣ್ಣಿನಲ್ಲಿ ಕಟ್ಟಿದ ಪ್ರಸಂಗಗಳೂ ಇನ್ನೂ ನನ್ನೊಳಗೆ ಇವೆ, ಅವು ಬೇರೆ ಯಾರ ಹತ್ತಿರವೂ ಇಲ್ಲ. ಈ ಆಟಗಳು ಆ ನಿದ್ದೆಯ ಜಾಗವನ್ನು ಬೇಕೆಂದೇ ಬಿಟ್ಟಿವೆ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಒಮ್ಮೆ ಮಿಯಾಝಾಕಿ ಹಿಮ ಬಿದ್ದ ಗುಡ್ಡದ ರಸ್ತೆಯಲ್ಲಿ ಹೋಗುತ್ತಿದ್ದರು. ಕಾರು ನಿಂತಿತು, ಜಾರತೊಡಗಿತು. ಹಿಂದಿನ ಕಾರೂ ಸಿಕ್ಕಿಕೊಂಡಿತು. ಅದರ ಹಿಂದಿನವನು ತನ್ನ ಕಾರಿನಿಂದ ಮುಂದಿನ ಕಾರನ್ನು ತಳ್ಳಿದ. ಹಾಗೇ ಒಬ್ಬರನ್ನೊಬ್ಬರು ತಳ್ಳುತ್ತಾ ಎಲ್ಲರೂ ಏರು ಹತ್ತಿದರು. ನಿಂತು ಥ್ಯಾಂಕ್ಸ್ ಹೇಳುವ ಹಾಗಿರಲಿಲ್ಲ, ನಿಂತರೆ ಮತ್ತೆ ಸಿಕ್ಕಿಕೊಳ್ಳುತ್ತಿದ್ದರು. ಕೊನೆಯಲ್ಲಿದ್ದವನು ಮನೆ ಸೇರಿದನಾ ಅನ್ನುವ ಯೋಚನೆ ಅವರನ್ನು ಬಿಡಲಿಲ್ಲ. ಆಗುಂಬೆ, ಹುಲಿಕಲ್ ಘಾಟಿಯಲ್ಲಿ ಜುಲೈ ತಿಂಗಳಲ್ಲಿ ಗಾಡಿ ಓಡಿಸಿದವರಿಗೆ ಇದು ಗೊತ್ತಿರುವ ಮಾತು. ಕೆಸರಲ್ಲಿ ಹೂತ ಜೀಪನ್ನು ತಳ್ಳಿ ಮಳೆಯೊಳಗೆ ಮಾಯವಾದವರ ಮುಖ ನನಗೂ ನೆನಪಿಲ್ಲ, ಅವರ ಕೈಗಳ ನೆನಪಿದೆ.

ಆ ಗುಡ್ಡದ ರಸ್ತೆಯೇ ಆಟದೊಳಗೆ ಬಂತು. ನೀವು ಒಬ್ಬರೇ ಆಡುತ್ತಿರುತ್ತೀರಿ. ನೆಲದ ಮೇಲೆ ಬೇರೆ ಯಾರೋ ಬರೆದ ಸಾಲು ಹೊಳೆಯುತ್ತದೆ. ಸ್ವಂತ ಮಾತು ಬರೆಯುವ ಹಾಗಿಲ್ಲ, ಆಟ ಕೊಟ್ಟ ಪದಗಳನ್ನೇ ಜೋಡಿಸಬೇಕು. 'ಮುಂದೆ ಹೊಂಚು ಇದೆ.' 'ಧೈರ್ಯಗೆಡಬೇಡ.' ಯಾವ ದೇಶದವರು ಬರೆದರೋ ಗೊತ್ತಾಗುವುದಿಲ್ಲ. ಎಲ್ಡನ್ ರಿಂಗ್‌ನಲ್ಲಿ ನೀವು ಆ ಸಾಲನ್ನು ಮೆಚ್ಚಿದರೆ, ಆ ಹೊತ್ತಿಗೆ ಆಡುತ್ತಿರುವ ಅದರ ಒಡೆಯನ ಜೀವ ತುಂಬುತ್ತದೆ. ನಾನು ಒಂದು ಬಾಸ್, ಅಂದರೆ ಆಟದ ದೊಡ್ಡ ಶತ್ರುವಿನ, ಕೈಯಲ್ಲಿ ಸಾಯುವುದರಲ್ಲಿದ್ದಾಗ ಹೀಗೆ ಜೀವ ತುಂಬಿ ಬದುಕಿದ್ದೇನೆ. ಎಲ್ಲೋ ಯಾರೋ ನನ್ನ ಹಳೇ ಸಾಲಿನ ಮುಂದೆ ಒಂದು ಕ್ಷಣ ನಿಂತಿದ್ದರು.

ಅದಕ್ಕೇ ಹೊಸಬರನ್ನು ಹಂಗಿಸುವ ಆಟಗಾರರನ್ನು ಕಂಡರೆ ನನಗೆ ನೋವಾಗುತ್ತದೆ. "ಸಹಾಯ ತಗೊಂಡು ಗೆದ್ದರೆ ಅದು ಗೆಲುವಲ್ಲ" ಅನ್ನುತ್ತಾರೆ. ಸಹಾಯ ಕೇಳುವುದು ಈ ಆಟದ ಹುಟ್ಟಿನಲ್ಲೇ ಇದೆ. ಕೈಬೆರಳಿನ ತೊಂದರೆ ಇರುವವರಿಗೆ, ಕಣ್ಣು ಮಂಜಾದವರಿಗೆ ಇನ್ನಷ್ಟು ಅನುಕೂಲ ಮಾಡಿಕೊಟ್ಟರೆ ಕಥೆಗೆ ಏನೂ ಕುಂದು ಬರುವುದಿಲ್ಲ ಅಂತ ನಾನು ನಂಬಿದ್ದೇನೆ. ಆಟಗಳಲ್ಲಿ ಕೊರತೆಗಳೂ ಇವೆ. ಡಾರ್ಕ್ ಸೋಲ್ಸ್‌ನ ಲಾಸ್ಟ್ ಇಜಾಲಿತ್ ಅವಸರದಲ್ಲಿ ಮುಗಿಸಿದ ಹಾಗಿದೆ. ಎಲ್ಡನ್ ರಿಂಗ್‌ನಲ್ಲಿ ಅವೇ ಬಾಸ್‌ಗಳು ಮತ್ತೆ ಮತ್ತೆ ಬಂದು ರುಚಿ ಕೆಡುತ್ತದೆ.

ಎಲ್ಡನ್ ರಿಂಗ್ 2022ರ ಫೆಬ್ರವರಿಯಲ್ಲಿ ಬಂತು. ಅದರ ಲೋಕದ ಪುರಾಣಕ್ಕೆ ಕಾದಂಬರಿಕಾರ ಜಾರ್ಜ್ ಮಾರ್ಟಿನ್ ಕೈಜೋಡಿಸಿದ್ದರು. ದೊಡ್ಡ ಆಟ, ಹೇಳುತ್ತಾ ಹೋದರೆ ಇವತ್ತು ನೀವು ಮನೆ ಸೇರುವುದಿಲ್ಲ. ಒಂದೇ ಒಂದು ಚಿತ್ರ ಹೇಳುತ್ತೇನೆ. ರಾಡಾನ್ ಎಂಬ ಬೆಟ್ಟದಂಥ ಸೇನಾನಿ. ಕೊಳೆರೋಗ ತಾಗಿ ಬುದ್ಧಿ ಹೋಗಿದೆ, ಮರಳುಗಾಡಿನಲ್ಲಿ ಹೆಣ ತಿನ್ನುತ್ತಾ ಅಲೆಯುತ್ತಾನೆ. ಅವನಿಗೆ ಮರ್ಯಾದೆಯ ಸಾವು ಕೊಡಲು ಅವನ ಕಡೆಯವರೇ ಯುದ್ಧದ ಜಾತ್ರೆ ಏರ್ಪಡಿಸಿದ್ದಾರೆ. ಎದುರಿಗೆ ಬಂದಾಗ ಕಣ್ಣಿಗೆ ಬೀಳುವುದು ಅವನ ಕುದುರೆ. ಬಡಕಲು ಕುದುರೆ, ಅವನ ಮೈಯಡಿ ಕಾಣುವುದೂ ಕಷ್ಟ. ಇದು ಹೇಗೆ ಹೊರುತ್ತದೆ? ಆಟದಲ್ಲಿ ಸಿಗುವ ಒಂದು ವಸ್ತುವಿನ ವಿವರಣೆಯಲ್ಲಿ ಉತ್ತರ ಇದೆ. ಪ್ರೀತಿಯ ಕುದುರೆಯನ್ನು ಬಿಟ್ಟುಬಿಡಬಾರದು ಅಂತಲೇ ಅವನು ಭಾರದ ಮಂತ್ರ ಕಲಿತಿದ್ದ. ಬುದ್ಧಿ ಹೋದರೂ ಆ ಕುದುರೆ ಇನ್ನೂ ಅವನ ಕೆಳಗೇ ಇದೆ.

ಕೊನೆಗೆ ಸಿಫ್. ಇದನ್ನು ಹೇಳದೆ ಹೋದರೆ ಇಲ್ಲಿಗೆ ಬಂದೂ ಪ್ರಯೋಜನ ಇಲ್ಲ.

ಡಾರ್ಕ್ ಸೋಲ್ಸ್‌ನಲ್ಲಿ ಆರ್ಟೋರಿಯಸ್ ಎಂಬ ವೀರನ ಹೆಸರು ಎಲ್ಲ ಕಡೆ ಕೇಳುತ್ತದೆ. ಪಾತಾಳದ ಕತ್ತಲೆಯನ್ನು ಗೆದ್ದವನು ಅಂತ. ಕಾಡಿನ ನಡುವೆ ಅವನ ಸಮಾಧಿ. ಅದನ್ನು ಸಿಫ್ ಎಂಬ ದೊಡ್ಡ ತೋಳ ಕಾಯುತ್ತದೆ, ಒಡೆಯನ ಕತ್ತಿಯಂಥ ಕತ್ತಿಯನ್ನು ಬಾಯಲ್ಲಿ ಕಚ್ಚಿಕೊಂಡು. ನಿಮಗೆ ಬೇಕಾದ ಉಂಗುರ ಅದನ್ನು ಕೊಂದರೆ ಮಾತ್ರ ಸಿಗುತ್ತದೆ. ಹೊಡೆಯುತ್ತಾ ಹೋದ ಹಾಗೆ ಅದು ಕುಂಟತೊಡಗುತ್ತದೆ. ಕತ್ತಿ ಬೀಸಲು ಹೋಗಿ ತಾನೇ ಮುಗ್ಗರಿಸುತ್ತದೆ. ಆದರೂ ಸಮಾಧಿ ಬಿಟ್ಟು ಹೋಗುವುದಿಲ್ಲ. ಮೊದಲ ಸಲ ನಾನು ಅದನ್ನು ಕೊಂದೆ. ಗೆದ್ದ ಖುಷಿ ಆಗಲೇ ಇಲ್ಲ.

2012ರಲ್ಲಿ ಆಟಕ್ಕೆ ಹೊಸ ಭಾಗ ಸೇರಿತು. ಅದರಲ್ಲಿ ಹಳೇ ಕಾಲಕ್ಕೆ ಹೋಗುತ್ತೀರಿ. ಅಲ್ಲಿ ಆರ್ಟೋರಿಯಸ್ ಎದುರು ಸಿಗುತ್ತಾನೆ. ಕತ್ತಲೆ ಅವನನ್ನು ನುಂಗಿಬಿಟ್ಟಿದೆ. ಎಡಗೈ ಮುರಿದು ನೇತಾಡುತ್ತಿದೆ. ಒಂದೇ ಕೈಯಲ್ಲಿ ಹೋರಾಡುತ್ತಾನೆ, ಗುರಾಣಿ ಇಲ್ಲ. ಇಂಥ ವೀರನ ಗುರಾಣಿ ಎಲ್ಲಿ ಹೋಯಿತು? ಅವನನ್ನು ಕೊನೆಗಾಣಿಸಿ ಪಾತಾಳಕ್ಕೆ ಇಳಿದರೆ, ಸುಳ್ಳು ಗೋಡೆಯೊಂದರ ಹಿಂದೆ ಬೆಳಕು ಕಾಣುತ್ತದೆ. ಬೆಳಕಿನ ನಡುವೆ ಒಂದು ತೋಳದ ಮರಿ. ಅದರ ಸುತ್ತ ಕಾವಲಿರುವುದು ಅವನ ಗುರಾಣಿ. ತನ್ನ ರಕ್ಷಣೆಯನ್ನು ಮರಿಗೆ ಕೊಟ್ಟು ಅವನು ಗುರಾಣಿಯಿಲ್ಲದೆ ಮುಂದೆ ಹೋಗಿದ್ದ. ಅವನು ಗೆದ್ದ ಅಂತ ಲೋಕ ಹಾಡುತ್ತಿರುವುದು ಸುಳ್ಳು, ಕತ್ತಲೆಯನ್ನು ಗೆಲ್ಲುವುದು ನೀವು. ನಿಮ್ಮ ಹೆಸರು ಎಲ್ಲೂ ಇಲ್ಲ.

ಎರಡನೇ ಸಲ ಹೊಸದಾಗಿ ಶುರು ಮಾಡಿದಾಗ ನಾನು ಮೊದಲು ಪಾತಾಳಕ್ಕೆ ಹೋಗಿ ಮರಿಯನ್ನು ಉಳಿಸಿದೆ. ಆಮೇಲೆ ಈ ಕಾಲಕ್ಕೆ ಬಂದು ಸಮಾಧಿಯ ಹತ್ತಿರ ಹೋದೆ. ಅಜ್ಜಿ ಪಕ್ಕದಲ್ಲೇ ಇದ್ದಳು. ಬೆಳೆದ ಸಿಫ್ ಹತ್ತಿರ ಬಂತು. ನನ್ನನ್ನು ಮೂಸಿತು. ಗುರುತು ಹಿಡಿಯಿತು. ತಲೆಯೆತ್ತಿ ಊಳಿಟ್ಟಿತು. ಆಮೇಲೆ ಹೋಗಿ ಕತ್ತಿ ಕಚ್ಚಿಕೊಂಡು ಎದುರು ನಿಂತಿತು.

"ಬೇಡ ಮಾರಾಯ, ಅದನ್ನ ಹೊಡೀಬೇಡ" ಅಂದಳು ಅಜ್ಜಿ. ನಾನು ಆಟ ಮುಚ್ಚಿದೆ. ಆ ಸಲದ ಆಟವನ್ನು ಇವತ್ತಿನವರೆಗೂ ಮುಂದುವರಿಸಿಲ್ಲ. ಅದು ಅಣ್ಣನ ಹಳೇ ಕಂಪ್ಯೂಟರಿನಲ್ಲಿ ಹಾಗೇ ಉಳಿದಿದೆ. ಊರಿಗೆ ಫೋನ್ ಮಾಡಿದಾಗ ಅಜ್ಜಿ ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ, "ಆ ತೋಳ ಇನ್ನೂ ಕಾಯ್ತಾ ಇದ್ಯಾ?"

"ಹೌದಜ್ಜಿ, ಕಾಯ್ತಾ ಇದೆ."